ಮೊದಲು ನೀರು, ಆಮೇಲೆ ಹೆಸರು

ನಡೆದದ್ದು ಇಷ್ಟೇ: ಒಂದು ಹಳೆಯ ಪ್ರಾರ್ಥನೆಯ ಯಾವ ಎರಡು ಸಾಲಿಗಾಗಿ ಪರದೇಶದ ಪಂಡಿತರು ನಮ್ಮ ಮಾಸ್ತರರನ್ನು ಹೊಗಳಿ ಹೊಗಳಿ ಕಾಗದ ಬರೆದರೋ, ಆ ಎರಡು ಸಾಲನ್ನು ಕಿತ್ತದ್ದು ಕಾಶಿಯ ಸೋನಾರ್‌ಪುರದ ಒಂದು ಕೋತಿ, ತಿರುಗಿ ಜೋಡಿಸಿದವಳು ನಾನು. ವಿದ್ಯೆಗೂ ಅದಕ್ಕೂ ಏನೂ ಸಂಬಂಧ ಇರಲಿಲ್ಲ. ಹದಿನೈದು ವರ್ಷ ನಾನು ಬಾಯಿ ಬಿಡಲಿಲ್ಲ. ಕೋತಿಯಂತೂ ಬಿಡುವ ಹಾಗಿರಲಿಲ್ಲ.

ಹಳೆಯ ಪ್ರತಿ ತಾಳೆ ನೋಡುವ ನನ್ನ ಜಾಗಕ್ಕೆ ಈಗ ಇಬ್ಬರು ಓದಿದ ಹುಡುಗಿಯರು ಬಂದಿದ್ದಾರೆ. "ಅಜ್ಜಿ, ನಿಮ್ಮ ಕಾಲದಾಗ ಈ ಕೆಲಸ ಹ್ಯಾಂಗಿತ್ತು, ಬರದು ಕೊಡ್ರಿ" ಅಂದರು. ನಾನು ಓದಿದ್ದು ನಾಲ್ಕನೆಯ ಇಯತ್ತೆ. ತಪ್ಪು ತಿದ್ದಿಕೊಳ್ಳುವುದು ಅವರ ಪಾಡು. ನನ್ನ ಮೊಮ್ಮಗಳು ಕಾಶಿಯಲ್ಲೇ ಹುಟ್ಟಿದವಳು, ಕನ್ನಡ ಓದಲು ಬರುವುದಿಲ್ಲ, ನನ್ನನ್ನು ಬೈಯುವುದೂ ಹಿಂದಿಯಲ್ಲೇ. ಆದ್ದರಿಂದ ಮನೆಯ ಮಾತನ್ನೂ ಧೈರ್ಯವಾಗಿ ಬರೆಯಬಹುದು.

ನಾನು ಕಾಶಿಗೆ ಬಂದದ್ದು ಅತ್ತೆಯ ದೆಸೆಯಿಂದ. ಅವರಿಗೆ ಕಾಶಿಯಲ್ಲಿ ಸಾಯುವ ಆಸೆ. ಗಂಡ ತೀರಿಹೋಗಿದ್ದ ನನಗೆ, ಕಂಕುಳಲ್ಲಿ ಒಂದು ಹೆಣ್ಣುಕೂಸು ಹೊತ್ತು, ಅವರ ಹಿಂದೆ ಬರುವ ಕರ್ಮ. ನಮ್ಮ ಕಡೆಯ ಮಠದವರು ಒಂದು ಕೋಣೆ ಕೊಟ್ಟರು. ಬಂದ ತಿಂಗಳಲ್ಲೇ ಅತ್ತೆ ಹೋಗಿಬಿಡುತ್ತಾರೆ ಎಂದು ಎಲ್ಲರೂ ಎಣಿಸಿದ್ದೆವು. ಗಂಗೆಯ ಗಾಳಿ ಅವರಿಗೆ ಒಗ್ಗಿಬಿಟ್ಟಿತು. ಹನ್ನೊಂದು ವರ್ಷ ಗಟ್ಟಿಯಾಗಿದ್ದರು. ಹನ್ನೊಂದು ವರ್ಷವೂ ಮಡಿ ಬಿಡಲಿಲ್ಲ. ನನ್ನ ನೆರಳು ತಾಗಿದರೂ ತುಂಬಿದ ಕೊಡವನ್ನು ಚೆಲ್ಲಿ, "ಮತ್ತೊಂದು ತಾ" ಅನ್ನುವರು.

ಮಠದ ಕಾರಭಾರಿಗಳು ಒಂದು ದಿನ ಕರೆದು ಹೇಳಿದರು: "ನೀಲವ್ವ, ಸೋನಾರ್‌ಪುರದ ಹಿಂದಿನ ಗಲ್ಲಿಯೊಳಗ ಧಾರವಾಡ ಕಡೆಯ ಮಾಸ್ತರ ಒಬ್ಬರು ಅದಾರ. ಹೆಂಡತಿ ಮಕ್ಕಳು ಇಲ್ಲ. ರೊಟ್ಟಿ ಬಡಿಯೋರು ಬೇಕಂತ." ಹೀಗೆ ನಾನು ಅಡುಗೆಗೆ ಸೇರಿದ್ದು. ಅಡುಗೆಯವಳಾಗಿಯೇ ಉಳಿದಿದ್ದರೆ ಇವತ್ತು ಬರೆಯಲು ಏನೂ ಇರುತ್ತಿರಲಿಲ್ಲ.

ಮಾಸ್ತರರ ವಿಷಯ ಮಂದಾಯಿ ಜನ. ಇರಾಕಿನ ದಕ್ಷಿಣದಲ್ಲಿ, ಇರಾನಿನ ಗಡಿಯ ಹತ್ತಿರ, ನದಿ ದಂಡೆಯ ಒಂದು ಹಳೆಯ ಸಣ್ಣ ಮತ. ಉಡುವುದು ಬಿಳಿ. ಹರಿಯುವ ನೀರಿನಲ್ಲಿ ಮುಳುಗುವುದೇ ಅವರ ದೊಡ್ಡ ಪೂಜೆ. ಹೊರಗಿನವರನ್ನು ಸೇರಿಸಿಕೊಳ್ಳುವುದಿಲ್ಲ, ಪುಸ್ತಕ ಸುಲಭಕ್ಕೆ ತೋರಿಸುವುದಿಲ್ಲ. ಯುದ್ಧ ಬಂದು ಎಲ್ಲೆಲ್ಲಿಗೋ ಚೆದುರಿಹೋದರು. ಈ ದೇಶದಲ್ಲಿ ಅವರ ಬಗ್ಗೆ ಓದಿಕೊಂಡವನು ತಾನೊಬ್ಬನೇ ಎಂದು ಮಾಸ್ತರರು ಹೇಳುತ್ತಿದ್ದರು. ಬೇರೆ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ.

ನಮ್ಮ ಹಾಲಿನವನು ಒಮ್ಮೆ ಕೇಳಿದ, "ಅಮ್ಮಾ, ಸಾಹಬ್ ಏನು ಬರೀತಾರೆ?" ನದಿಯಲ್ಲಿ ಸ್ನಾನ ಮಾಡುವವರ ಬಗ್ಗೆ ಅಂದೆ. "ನಹಾನಾ? ಬಸ್? ಇಸ್ ಪರ್ ಕಿತಾಬ್?" ಬರೀ ಸ್ನಾನಕ್ಕೆ ಒಂದು ಪುಸ್ತಕವೇ ಅಂತ ಹಾಲಿನ ಕ್ಯಾನು ಇಟ್ಟು ನಕ್ಕ. ದಿನಾ ಮುಂಜಾನೆ ಘಾಟಿನಲ್ಲಿ ಮುಳುಗಿ ಬರುವವನು, ಅವನಿಗೆ ನಗೆ ಬಂದದ್ದು ತಪ್ಪಲ್ಲ.

ಮಾಸ್ತರರು ಕೆಲಸ ಮಾಡುತ್ತಿದ್ದ ಸಣ್ಣ ಸಂಸ್ಥೆ ಕಾಶಿಯ ಲಂಕಾ ಬಡಾವಣೆಯಲ್ಲಿ ಒಂದು ಕೋಚಿಂಗ್ ಸೆಂಟರಿನ ಮೇಲಿತ್ತು. ಕೆಳಗೆ ಮಕ್ಕಳು ಗಣಿತ ಕೂಗುತ್ತಿದ್ದರು, ಮೇಲೆ ಮೂರು ಜನ ಯಾರೂ ಆಡದ ಭಾಷೆ ಓದುತ್ತಿದ್ದರು. ಅದರ ಡೈರೆಕ್ಟರ್ ಸಾಹೇಬರು ವರ್ಷಕ್ಕೊಮ್ಮೆ ಕೇಳುವರು:

"ನಿಮ್ಮ ಮಂದಾಯಿಗಳು ಬನಾರಸ್ಸಿನಲ್ಲಿ ಎಷ್ಟು ಮಂದಿ ಇದ್ದಾರೆ?"

"ಯಾರೂ ಇಲ್ಲ."

"ಊರಾಚೆ?"

"ಅಲ್ಲೂ ಇಲ್ಲ."

"ಹಾಗಾದರೆ ನಿಮ್ಮ ಮೇಲೆ ದೂರು ಕೊಡುವವರು ಯಾರೂ ಇಲ್ಲ. ಒಳ್ಳೆಯ ವಿಷಯ. ಮುಂದುವರಿಸಿ."

ಒಂದು ದಿನ ನಾನು ರೊಟ್ಟಿ ಬಡಿಯುತ್ತಿದ್ದೆ. ಮಾಸ್ತರರು ಎರಡು ಕಾಗದ ಎದುರಿಗಿಟ್ಟುಕೊಂಡು ಇತ್ತ ನೋಡಿ ಅತ್ತ ನೋಡಿ ಕತ್ತು ಹಿಡಿದುಕೊಂಡು ಕೂತಿದ್ದರು. ಒಂದೇ ಪ್ರಾರ್ಥನೆಯ ಎರಡು ಪ್ರತಿ. ಎಲ್ಲೆಲ್ಲಿ ವ್ಯತ್ಯಾಸ ಇದೆ ಎಂದು ತಾಳೆ ನೋಡುವ ಕೆಲಸ.

"ಮಾಸ್ತರ್ರ, ಎರಡೂ ನೀವ ನೋಡಿದ್ರ ಕತ್ತು ಉಳಿತೈತೇನ್ರಿ? ಒಂದು ನನ್ನ ಕೈಗೆ ಕೊಡ್ರಿ."

"ನಿನಗ ಏನ್ ತಿಳೀತೈತಿ ನೀಲವ್ವಾ?"

"ತಿಳಿಯೋದು ಬ್ಯಾಡ್ರಿ. ಗುರುತು ಹಿಡಿದ್ರ ಸಾಕಲ್ಲ?"

ಒಂದು ವಾರದಲ್ಲಿ ಇಪ್ಪತ್ನಾಲ್ಕು ಅಕ್ಷರ ಕಲಿಸಿದರು. ರೊಟ್ಟಿಹಿಟ್ಟು ನಾದುವ ಕೊಣಮಿಗೆಯಲ್ಲಿ ಹಿಟ್ಟು ಹರಡಿ ನಾನು ಬೆರಳಿನಲ್ಲಿ ಬರೆದು ಕಲಿತೆ. ಬಲದಿಂದ ಎಡಕ್ಕೆ ಹೋಗುತ್ತವೆ. ಮೊದಲನೆಯದು ಒಂದು ಸೊನ್ನೆ, ಕೊನೆಯದೂ ಅದೇ ಸೊನ್ನೆ. ಆಮೇಲೆ ದಿನಾ ಮಧ್ಯಾಹ್ನ ಕೂರುವುದು. ಅವರು ಒಂದು ಪ್ರತಿಯಿಂದ ಅಕ್ಷರದ ಹೆಸರು ಹೇಳುತ್ತಾ ಹೋಗುವರು, ನನ್ನ ಬೆರಳು ಇನ್ನೊಂದು ಪ್ರತಿಯ ಮೇಲೆ ಹರಿಯುವುದು. ಬೇರೆ ಬಂದರೆ "ನಿಲ್ರಿ" ಅನ್ನುವುದು. ಇಪ್ಪತ್ತು ಚಿಲ್ಲರೆ ವರ್ಷ ನಾನು ಅಂದದ್ದರಲ್ಲಿ ಅರ್ಧ ಮಾತು "ನಿಲ್ರಿ."

ಹುಡುಗಿಯರೇ, ಈ ಕೆಲಸದ ಗುಟ್ಟು ಹೇಳುತ್ತೇನೆ. ಅರ್ಥ ಗೊತ್ತಿದ್ದವರೇ ಹೆಚ್ಚು ತಪ್ಪು ಮಾಡುವುದು. ಅವರ ಕಣ್ಣು ಇರುವುದನ್ನು ಓದುವುದಿಲ್ಲ, ಇರಬೇಕಾದ್ದನ್ನು ಓದುತ್ತದೆ. ಒಂದೇ ಪದ ಎರಡು ಸಾಲಿನಲ್ಲಿ ಬಂದರೆ ಕಣ್ಣು ಕೆಳಕ್ಕೆ ಹಾರಿಬಿಡುತ್ತದೆ, ನಡುವಿನದೆಲ್ಲ ಬಿಟ್ಟುಹೋಗುತ್ತದೆ. ಊಟ ಆದ ಕೂಡಲೇ ಕೂರಬೇಡಿ. ಯಾರಾದರೂ ಬಾಗಿಲು ತಟ್ಟಿದರೆ ಬೆರಳು ತೆಗೆಯಬೇಡಿ, ಬಾಗಿಲು ಕಾಯಲಿ.

ಆ ಮತದ ಒಂದು ಮಾತು ನನಗೆ ಬಹಳ ಹಿಡಿಸಿತು. ಸತ್ತವರಿಗಾಗಿ ಅಳಬಾರದಂತೆ. ಅತ್ತರೆ ಆ ಕಣ್ಣೀರು ಹೊಳೆಯಾಗಿ ಜೀವದ ದಾರಿಗೆ ಅಡ್ಡ ಬರುತ್ತದಂತೆ. ಮಣಿಕರ್ಣಿಕಾದಲ್ಲಿ ನಮ್ಮ ಕಡೆಯ ಹೆಂಗಸರು ಬಿದ್ದು ಹೊರಳಿ ಅಳುವುದನ್ನು ಕಂಡಾಗಲೆಲ್ಲ ನನಗೆ ಆ ಹೊಳೆ ನೆನಪಾಗುವುದು. ಅತ್ತೆ ತೀರಿದಾಗ ನಾನು ಅಳಲಿಲ್ಲ. ಮಠದ ಹೆಂಗಸರು "ಕಲ್ಲೆದೆ" ಅಂದರು. "ಇದು ಮಂದಾಯಿ ಪದ್ಧತಿ" ಅಂದೆ. ನಿಜ ಹೇಳಬೇಕೆಂದರೆ, ಅಳು ಬರಲೇ ಇಲ್ಲ.

ಈಗ ನನ್ನ ತಪ್ಪಿಗೆ ಬರುತ್ತೇನೆ.

ಆಗ ಕಂಪ್ಯೂಟರ್ ಇರಲಿಲ್ಲ. ಒಂದೊಂದು ಸಾಲಿಗೆ ಒಂದೊಂದು ಚೀಟಿ. ಮೇಲೆ ಮಂದಾಯಿ ಸಾಲು, ಕೆಳಗೆ ಮಾಸ್ತರರ ಕನ್ನಡ ಅರ್ಥ, ಮೂಲೆಯಲ್ಲಿ ನಾನು ಅಂಟಿಸಿದ ನಂಬರಿನ ತುಂಡು. ಎಲ್ಲ ಬಿಸ್ಕೀಟಿನ ಡಬ್ಬಿಗಳಲ್ಲಿ. ಅಂಟಿಗೆ ಅಂಗಡಿಗೆ ಯಾರು ಹೋಗುತ್ತಾರೆ? ನಾನು ಮೈದಾಹಿಟ್ಟು ಕುದಿಸಿ ಅಂಟು ಮಾಡುತ್ತಿದ್ದೆ. ಹಿಟ್ಟು ಸಪ್ಪೆಯಾಗಿರಬಾರದೆಂದು ಅಲ್ಲ, ಇರುವೆ ಬಾರದಿರಲಿ ಎಂದು ಚೂರು ಉಪ್ಪು ಹಾಕುತ್ತಿದ್ದೆ. ಮಳೆಗಾಲದ ಒಂದು ಬಿಸಿಲಿನ ದಿನ ಬೂಸ್ಟು ವಾಸನೆ ಬಂತೆಂದು ಒಂದು ಡಬ್ಬಿ ಮಾಳಿಗೆಗೆ ಒಯ್ದು ಮುಚ್ಚಳ ತೆಗೆದಿಟ್ಟೆ. ಕೆಳಗೆ ಹೋಗಿ ಬೇಳೆಗೆ ಒಗ್ಗರಣೆ ಕೊಟ್ಟು ಬರುವಷ್ಟರಲ್ಲಿ ಕೋತಿ ಡಬ್ಬಿ ತಬ್ಬಿಕೊಂಡು ಪಕ್ಕದ ಮನೆಯ ನೀರಿನ ಟ್ಯಾಂಕಿನ ಮೇಲೆ ಕೂತಿತ್ತು. ಒಂದೊಂದೇ ಚೀಟಿ ತೆಗೆದು ಮೂಲೆ ನೆಕ್ಕಿ ಕೆಳಗೆ ಎಸೆಯುತ್ತಿತ್ತು. ಮಾಸ್ತರರಿಗಿಂತ ಶ್ರದ್ಧೆ. ನೆನೆಸಿದ ಕಡಲೆ ತೋರಿಸಿ ಡಬ್ಬಿ ಬಿಡಿಸಿಕೊಂಡೆ. ಚೀಟಿ ಎಲ್ಲ ಸಿಕ್ಕವು. ಏಳು ಚೀಟಿಯ ನಂಬರು ಕೋತಿಯ ಹೊಟ್ಟೆಯಲ್ಲಿ.

ಮಾಸ್ತರರು ದೆಹಲಿಗೆ ಹೋಗಿದ್ದರು. ಚೀಟಿಗಳನ್ನು ಯಾವ ಪ್ರತಿಯಿಂದ ಬರೆದುಕೊಂಡಿದ್ದರೋ ಅದರ ಫಿಲ್ಮು ಅದೇ ಮಳೆಗಾಲದಲ್ಲಿ ಬೂಸ್ಟು ಹಿಡಿದು ಹಾಳಾಗಿತ್ತು, ಬೇರೆ ಪ್ರತಿಗಳು ಸಂಸ್ಥೆಯ ಬೀಗದೊಳಗಿದ್ದವು. ನಾನು ಕೂತು ಕನ್ನಡ ಅರ್ಥ ಓದಿ ಓದಿ ಏಳೂ ಚೀಟಿ ಜೋಡಿಸಿದೆ. ಅಲ್ಲೇ ಕೆಟ್ಟಿತು. ಒಂದು ಚೀಟಿಯಲ್ಲಿತ್ತು: ಸತ್ತವರ ಜೀವ ಬಾಗಿಲಿಗೆ ಬಂದಾಗ ಕಾವಲಿನವರು ಹೆಸರು ಕೇಳುತ್ತಾರೆ. ಇನ್ನೊಂದರಲ್ಲಿ: ಅದಕ್ಕೆ ನೀರು ಕೊಡುತ್ತಾರೆ. ಯಾವುದು ಮೊದಲು? ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ಒಂದು ತಂಬಿಗೆ ನೀರು, ಒಂದು ಚೂರು ಬೆಲ್ಲ. ಆಮೇಲೆ ಯಾರು, ಯಾವ ಊರು ಅಂತ ಕೇಳುವುದು. ಬಾಯಾರಿ ಬಂದವರನ್ನು ಹೊಸ್ತಿಲಲ್ಲಿ ನಿಲ್ಲಿಸಿ ಹೆಸರು ಕೇಳುವ ಮನೆ ಎಂಥ ಮನೆ? ನೀರಿನ ಚೀಟಿ ಮೇಲಿಟ್ಟೆ. ಹೊಸ ನಂಬರು ಅಂಟಿಸಿದೆ. ಯಾರಿಗೂ ಹೇಳಲಿಲ್ಲ. ಹೇಳಿದರೆ ಮತ್ತೆ ಬರೀ ರೊಟ್ಟಿಗೆ ಇಳಿಸುತ್ತಾರೆ ಎಂಬ ಹೆದರಿಕೆ.

ನಾಲ್ಕು ತಿಂಗಳ ಮೇಲೆ ಮಾಸ್ತರರು ಕುಣಿದಾಡಿಬಿಟ್ಟರು. "ನೀಲವ್ವಾ, ಯಾವ ಪ್ರತಿಯೊಳಗೂ ಇಲ್ಲದ್ದು ಇಲ್ಲಿ ಐತಿ! ಎಲ್ಲಾ ಕಡೆ ಮೊದಲು ಹೆಸರು. ಇಲ್ಲಿ ಮೊದಲು ನೀರು!" ಲೇಖನ ಬರೆದರು. ಕರುಣೆ ಮೊದಲು, ವಿಚಾರಣೆ ಆಮೇಲೆ ಅಂತ ಇಪ್ಪತ್ತು ಪುಟ. ಪರದೇಶದಿಂದ ಕಾಗದ ಬಂದವು. ನಾನು ಕಾಗದ ಬಂದಾಗಲೆಲ್ಲ ಶಿರಾ ಮಾಡಿದೆ, ಬಾಯಿ ಮುಚ್ಚಿಕೊಂಡೆ.

ನಡುವೆ ಕಾಲ ಬದಲಾಯಿತು. ಡಬ್ಬಿ ಹೋಗಿ ಕಂಪ್ಯೂಟರ್ ಬಂತು. ಎರಡು ಪ್ರತಿಯನ್ನು ಅಕ್ಕಪಕ್ಕ ಇಟ್ಟರೆ ಅದೇ ಕೆಂಪು ಮಾಡಿ ತೋರಿಸುತ್ತದೆ. ಅದಕ್ಕೆ ನಿದ್ದೆ ಬರುವುದಿಲ್ಲ, ನಾಚಿಕೆಯೂ ಇಲ್ಲ. ಆದರೆ ನನ್ನ ತಪ್ಪು ಅದಕ್ಕೆ ಸಿಗಲಿಲ್ಲ, ಏಕೆಂದರೆ ಚೀಟಿಯಲ್ಲಿ ಇದ್ದದ್ದನ್ನೇ ಮಾಸ್ತರರ ಶಿಷ್ಯೆಯೊಬ್ಬಳು ಅದರೊಳಗೆ ತುಂಬಿದ್ದಳು.

ಮಾಸ್ತರರಿಗೆ ಎಪ್ಪತ್ತು ದಾಟಿತು. ಒಂದು ಕಣ್ಣು ಪೂರ್ತಿ ಮಂಜಾಯಿತು, ಇನ್ನೊಂದು ಹೊರಟು ನಿಂತಿತ್ತು. ಅವರ ದೊಡ್ಡ ಪುಸ್ತಕ ಒಂದು ಕಾರಣಕ್ಕೆ ನಿಂತಿತ್ತು. ಆ ಪ್ರಾರ್ಥನೆಯ ಕೊನೆಯ ಭಾಗ ಒಂದೇ ಒಂದು ಮನೆತನದ ಸುರುಳಿಯಲ್ಲಿ ಇತ್ತು. ಆ ಮನೆತನದ ಹಿರಿಯರು ಮಂದಾಯಿ ಪುರೋಹಿತರು. ಇಪ್ಪತ್ತು ವರ್ಷದಿಂದ ಇವರು ಬೇಡುತ್ತಿದ್ದರು, ಅವರು ಒಲ್ಲೆ ಅನ್ನುತ್ತಿದ್ದರು. ಒಮ್ಮೆ ತಮ್ಮನ ಹೃದಯದ ಆಪರೇಶನ್ನಿಗೆಂದು ಅವರು ಇರಾಕಿನಿಂದ ದೆಹಲಿಯ ಆಸ್ಪತ್ರೆಗೆ ಬಂದರು. ತಮ್ಮ ಚೇತರಿಸಿಕೊಂಡ ಮೇಲೆ ಹೇಳಿ ಕಳಿಸಿದರು: ಎರಡು ದಿನಕ್ಕೆ ಕಾಶಿಗೆ ಬರುತ್ತೇನೆ, ಸುರುಳಿ ತರುತ್ತೇನೆ, ಮನುಷ್ಯನನ್ನು ನೋಡಿ ಬಿಚ್ಚುವುದೋ ಬಿಡುವುದೋ ಹೇಳುತ್ತೇನೆ.

ಮಾಸ್ತರರು ಮೂರು ದಿನ ಊಟ ಬಿಟ್ಟರು. "ಈ ಕಣ್ಣು ಇರೋತನಕ ಅದೊಂದು ಓದಿದ್ರ ಸಾಕು ನೀಲವ್ವಾ" ಅಂದರು. ಅವರು ಹಾಗೆ ಮೆತ್ತಗೆ ಮಾತಾಡಿದ್ದು ನಾನು ಅದುವರೆಗೆ ಕೇಳಿರಲಿಲ್ಲ.

ಹಿರಿಯರು ಬಂದರು. ಬಿಳಿ ಗಡ್ಡ, ಬಿಳಿ ನಿಲುವಂಗಿ, ಕೈಯಲ್ಲಿ ಕೋಲು, ಎದೆಗೆ ಬಿಳಿ ಬಟ್ಟೆಯ ಗಂಟು. ಜೊತೆಗೆ ಮಗಳು ಸಮೀರಾ, ಐವತ್ತರ ಹೆಂಗಸು, ಇಂಗ್ಲಿಷ್ ಬಲ್ಲವಳು. ಅಪ್ಪನ ಮಾತನ್ನು ಅವಳು ಮಾಸ್ತರರಿಗೆ ಇಂಗ್ಲಿಷಿನಲ್ಲಿ ಹೇಳುವಳು, ಮಾಸ್ತರರು ನನಗೆ ಕನ್ನಡದಲ್ಲಿ ಹೇಳುವರು.

ಮಾಸ್ತರರು ಮಾಡಿದ ಮೊದಲ ಕೆಲಸವೆಂದರೆ, ದೇವರ ಮನೆಯಲ್ಲಿದ್ದ ಗಂಗೆಯ ಗಿಂಡಿ ತಂದು ಎರಡೂ ಕೈಯಲ್ಲಿ ಹಿಡಿದು ಕೊಟ್ಟದ್ದು. ಬಾಯಿಗೆ ಮೇಣದ ಮುದ್ರೆ ಹಾಕಿದ ತಾಮ್ರದ ಗಿಂಡಿ. ನಮ್ಮ ಕಡೆ ಅದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ, ವರ್ಷಗಟ್ಟಲೆ ಇಟ್ಟರೂ ಆ ನೀರು ಕೆಡುವುದಿಲ್ಲ ಅನ್ನುತ್ತೇವೆ. ಹಿರಿಯರು ಎರಡು ಹೆಜ್ಜೆ ಹಿಂದೆ ಸರಿದರು. ಗಂಟನ್ನು ಇನ್ನೂ ಗಟ್ಟಿಯಾಗಿ ಅಪ್ಪಿಕೊಂಡರು.

ನನಗೆ ತಕ್ಷಣ ಹೊಳೆಯಿತು. ಹೊಳೆಯಿಂದ ತುಂಡಾದ ನೀರು ಅವರಿಗೆ ಸತ್ತ ನೀರು. ಇದನ್ನು ಮಾಸ್ತರರೇ ನನಗೆ ನೂರು ಸಲ ಹೇಳಿದ್ದರು. ಪುಸ್ತಕದಲ್ಲಿ ಬರೆದಿದ್ದರು. ಬರೆದ ಕೈಯೇ ಗಿಂಡಿ ಹಿಡಿದಿತ್ತು. ಮನೆಯ ಸಂಸ್ಕಾರ ಓದನ್ನು ಕೇಳುತ್ತದೆಯೇ? ನಾನು ಗಿಂಡಿ ಕಸಿದುಕೊಂಡು, ಮುದ್ರೆ ಒಡೆದು, ಅಂಗಳದ ತುಳಸಿಗೆ ಅಷ್ಟನ್ನೂ ಸುರಿದೆ.

"ಏ ನೀಲವ್ವಾ! ನನ್ನ ಅವ್ವ ತಂದದ್ದದು!"

"ನಿಮ್ಮ ಅವ್ವಗ ನಾ ಹೇಳ್ಕೊಂತೀನ್ರಿ. ನೀವು ದೂರ ನಿಲ್ರಿ, ಅವರನ್ನ ಮುಟ್ಟಬ್ಯಾಡ್ರಿ."

ಅಡುಗೆಮನೆ ಖಾಲಿ ಮಾಡಿ ತೊಳೆದುಕೊಟ್ಟೆ. ಹೊಸ ಮಡಕೆ, ಹಿಟ್ಟು, ಒಣ ಕಟ್ಟಿಗೆ ಹೊಸ್ತಿಲ ಹೊರಗೆ ಇಟ್ಟು ಸರಿದು ನಿಂತೆ. ಅವರು ಬೇರೆಯವರು ಬೇಯಿಸಿದ್ದು ತಿನ್ನುವುದಿಲ್ಲ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಹನ್ನೊಂದು ವರ್ಷ ಅತ್ತೆಯ ಕೈಕೆಳಗೆ ಪಾಸಾದವಳು ನಾನು. ಹಿರಿಯರು ನನ್ನನ್ನೇ ನೋಡಿ ಮಗಳಿಗೆ ಏನೋ ಅಂದರು.

"ಇದನ್ನೆಲ್ಲ ನಿನಗ ಯಾರು ಕಲಿಸಿದರು ಅಂತ ಕೇಳ್ತಾರ" ಅಂದರು ಮಾಸ್ತರರು, ಮುಖ ಗಂಟಿಕ್ಕಿಕೊಂಡೇ.

"ಒಬ್ಬಾಕಿ ರಾಕ್ಷಸಿ ಅಂತ ಹೇಳ್ರಿ."

ಮರುದಿನ ಮುಂಜಾನೆ ಅವರನ್ನು ಘಾಟಿಗೆ ಕರೆದೊಯ್ದವಳೂ ನಾನೇ. ಕಾಶಿಯಲ್ಲಿ ಗಂಗೆ ಉತ್ತರಕ್ಕೆ ಹರಿಯುತ್ತಾಳಲ್ಲ, ಉತ್ತರಕ್ಕೆ ಮುಖ ಮಾಡಿ ಪ್ರಾರ್ಥಿಸುವ ಇವರಿಗೆ ಈ ನೀರು ಆಗುತ್ತದೋ ಇಲ್ಲವೋ ಎಂದು ಮಾಸ್ತರರು ದಾರಿಯುದ್ದಕ್ಕೂ ಚಡಪಡಿಸಿದರು. ಹಿರಿಯರು ಮೆಟ್ಟಿಲಲ್ಲಿ ನಿಂತು ತೇಲಿ ಬಂದ ಒಂದು ಚೆಂಡುಹೂವನ್ನು ನೋಡಿದರು. ಹೂವು ಮುಂದೆ ಹೋಯಿತು. ಅಷ್ಟೇ, ನೀರಿಗಿಳಿದರು.

ತೊಂದರೆ ಬಂದದ್ದು ಭಕ್ತರಿಂದ. ಆ ಗಡ್ಡ, ಆ ಬಿಳಿ ಬಟ್ಟೆ, ಆ ಕೋಲು ಕಂಡರೆ ಕಾಶಿಯಲ್ಲಿ ಯಾರು ಬಿಡುತ್ತಾರೆ? ಕಾಲು ಮುಟ್ಟಲು ಸಾಲು ನಿಂತರು. ಮುಟ್ಟಿದರೆ ಅವರ ಮಡಿ ಹೋಯಿತು. ನಾನು ಸೆರಗು ಬಿಗಿದು, ಘಾಟಿನಲ್ಲಿ ಬಿದ್ದಿದ್ದ ಒಂದು ಕೋಲು ಅಡ್ಡ ಹಿಡಿದು ನಿಂತೆ. ಈ ಬಾಬಾ ಯಾವ ಸಾಧು ಪಂಗಡದವರು ಎಂದು ದೋಣಿಯವನು ಕೇಳಿದ, "ಅಮ್ಮಾ, ಯೇ ಬಾಬಾ ಕಿಸ್ ಅಖಾಡೇ ಕೇ ಹೈಂ?" "ಪಾನೀ ವಾಲೇ ಅಖಾಡೇ ಕೇ. ಹಟೋ!" ಅಂದೆ, ನೀರಿನ ಪಂಗಡದವರು, ಸರಿ ಅಂತ. ಅವನು ಅಲ್ಲಿಂದಲೇ ಕೈ ಮುಗಿದ.

ಮಧ್ಯಾಹ್ನ ಹಿರಿಯರು ಗಂಟು ಬಿಚ್ಚಿ ಸುರುಳಿಯನ್ನು ಒಂದು ಗೇಣು ಮಾತ್ರ ತೆರೆದರು. ಅದು ಪ್ರಾರ್ಥನೆಯ ನಡುಭಾಗ, ಬಾಗಿಲಿನ ಜಾಗ. "ಓದು" ಅಂದರು. ಮಾಸ್ತರರು ಚೆನ್ನಾಗಿ ಓದಿದರು. ಕಣ್ಣು ಮಂಜಾದ ಕಡೆ ಬಾಯಿಪಾಠದಿಂದ ಹೇಳಿದರು. ನನ್ನ ಬೆರಳು ಅಭ್ಯಾಸಬಲದಿಂದ ಗಾಳಿಯಲ್ಲೇ ಹರಿಯುತ್ತಿತ್ತು. ಮೊದಲು ನೀರು, ಆಮೇಲೆ ಹೆಸರು ಅಂದುಬಿಟ್ಟರು. ಸುರುಳಿಯಲ್ಲಿ ಹಾಗಿರಲಿಲ್ಲ.

ಹಿರಿಯರು ಕೈ ಎತ್ತಿದರು. ಇದು ಯಾವ ಪ್ರತಿಯಲ್ಲಿದೆ ಎಂದು ಕೇಳಿದರು.

"ನನ್ನ ಪ್ರತಿಯಲ್ಲಿ" ಅಂದರು ಮಾಸ್ತರರು, ಎದೆ ಉಬ್ಬಿಸಿ.

ಹಿರಿಯರು ಮಗಳ ಕಡೆ ತಿರುಗಿ ಏನೋ ಅಂದು, ಸುರುಳಿ ಸುತ್ತತೊಡಗಿದರು. ಸಮೀರಾ ತಲೆ ತಗ್ಗಿಸಿ ಅಪ್ಪನ ಮಾತು ಹೇಳಿದಳು: ನಮ್ಮಲ್ಲಿ ಒಂದಕ್ಷರ ಆಚೀಚೆ ಮಾಡುವುದೂ ಪಾಪ. ಈ ಮನುಷ್ಯ ತನ್ನದೇ ಮಾತನ್ನು ನಮ್ಮ ಬಾಯಲ್ಲಿ ಇಟ್ಟಿದ್ದಾನೆ.

ಮಾಸ್ತರರ ಮುಖದ ಬಣ್ಣ ಹೋಯಿತು. ಬಟ್ಟೆಯ ಗಂಟು ಬಿದ್ದರೆ ಮುಗಿಯಿತು, ಆ ಕಣ್ಣಿಗೆ ಇನ್ನೊಂದು ಸಲ ಇಲ್ಲ.

"ನಿಲ್ರಿ!" ಅಂದೆ.

ಎಲ್ಲರೂ ತಿರುಗಿದರು. ಡಬ್ಬಿ, ಮೈದಾ ಅಂಟು, ಕೋತಿ, ಏಳು ಚೀಟಿ, ತಂಬಿಗೆ ನೀರು, ಬೆಲ್ಲ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಮಾಸ್ತರರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. ಆಮೇಲೆ ಸಮೀರಾಗೆ ಇಂಗ್ಲಿಷಿನಲ್ಲಿ ನಾಲ್ಕೇ ನಾಲ್ಕು ಮಾತು ಹೇಳಿದರು.

ಸಮೀರಾ ಏನೋ ಕೇಳಿದಳು. ಮಾಸ್ತರರು ಕೆಮ್ಮಿದರು.

"ಏನಂತಾಳ್ರಿ?"

"ಆಕಿ ಅಷ್ಟೊತ್ತು ಮಾತಾಡಿದ್ಲು, ನೀವು ಇಷ್ಟ ಹೇಳಿದ್ರಿ, ಉಳಿದದ್ದೆಲ್ಲಿ ಅಂತಾಳ."

"ಉಳಿದದ್ದೂ ಹೇಳ್ರಿ ಮಾಸ್ತರ್ರ."

"ನೀಲವ್ವಾ, ನನ್ನ ಮರ್ಯಾದಿ..."

"ನಿಮ್ಮ ಮರ್ಯಾದಿ ಬೇಕೋ, ಸುರುಳಿ ಬೇಕೋ?"

ಅವರು ಹೇಳದಿದ್ದರೆ ನಾನೇ ಹೇಳುತ್ತೇನೆಂದು ಎದ್ದೆ. ಭಾಷೆ ಇಲ್ಲ, ಆದರೆ ಕೈಕಾಲು ಇವೆ. ಡಬ್ಬಿ ತಬ್ಬಿ, ಕುಕ್ಕರಗಾಲಲ್ಲಿ ಕೂತು, ಮೂಲೆ ನೆಕ್ಕಿ ಎಸೆದು ತೋರಿಸಿದೆ. "ಬಂದರ್!" ಎಂದು ಸಮೀರಾ ಕಿರುಚಿದಳು. ಕೋತಿಗೆ ಅನ್ನುವ ಆ ಹಿಂದಿ ಮಾತನ್ನು ದೆಹಲಿ ಆಸ್ಪತ್ರೆಯ ಕಿಟಕಿಯಲ್ಲಿ ಕಲಿತಿದ್ದಳಂತೆ. ಹಿರಿಯರ ಗಡ್ಡ ಅಲುಗಾಡಿತು. ಆಮೇಲೆ ಭುಜ. ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆ ನಗೆಯ ಮೇಲೆ ಮಾಸ್ತರರು ಉಳಿದದ್ದನ್ನೆಲ್ಲ, ಒಂದಕ್ಷರ ಬಿಡದೆ, ತಮ್ಮ ಬಾಯಿಂದಲೇ ಹೇಳಬೇಕಾಯಿತು. ಹೇಳಿದರು. ಬೆವರು ಒರೆಸಿಕೊಳ್ಳುತ್ತಾ ಹೇಳಿದರು.

ಹಿರಿಯರು ಸುರುಳಿಯ ಮೇಲೆ ಕೈಯಿಟ್ಟು ಉತ್ತರ ಕೊಟ್ಟರು. "ತಪ್ಪು ಒಳ್ಳೆಯ ಮನೆಯದು. ಆದರೆ ಪುಸ್ತಕ ನಮ್ಮದು." ಅವರಲ್ಲಿ ಸುರುಳಿಯ ಕೊನೆಗೆ ನಕಲು ಮಾಡಿದವರೆಲ್ಲರ ಹೆಸರು ಬರೆಯುತ್ತಾರಂತೆ, ಹಳೆಯ ಕಾಲದ ಹೆಂಗಸರ ಹೆಸರೂ ಇದೆಯಂತೆ. ಮಾಸ್ತರರೂ ಹಾಗೆ ಬರೆಯಬೇಕು: ಈ ಸಾಲು ಹೀಗೆ ತಪ್ಪಿತು, ಇಂಥವಳ ಕೈಯಲ್ಲಿ ತಪ್ಪಿತು. ಲೇಖನ ಅಚ್ಚು ಹಾಕಿದವರಿಗೆ ಆ ಪತ್ರ ಹೋದ ಮೇಲೆಯೇ ಸುರುಳಿ ತೆರೆಯುವುದು. ನಾಳೆ ಮಧ್ಯಾಹ್ನ ಅವರಿಗೆ ರೈಲು.

ಸಂಜೆ ಮಾಸ್ತರರು ಸಮೀರಾಳ ಜೊತೆ ಕಂಪ್ಯೂಟರಿನಲ್ಲಿ ಪತ್ರ ಬರೆದರು. "ಇದರಾಗ ನನ್ನ ಹೆಸರು ಎಲ್ಲೈತಿ?" ಎಂದು ಕೇಳಿದೆ. ಸಮೀರಾ ಬೆರಳಿಟ್ಟು ತೋರಿಸಿದಳು. ಇಂಗ್ಲಿಷ್ ಅಕ್ಷರ, ಉದ್ದವಾಗಿತ್ತು, ನಡುವೆ ಎರಡು ಒಂದೇ ಥರದ ಕಣ್ಣು. ಚೆನ್ನಾಗಿ ನೋಡಿಕೊಂಡೆ.

"ಕಳಿಸಿದ್ರೇನ್ರಿ?"

"ನಾಳೆ ಒಂದು ಸಲ ಓದಿ ಕಳಿಸ್ತೀನಿ."

ಮಾಸ್ತರರ 'ನಾಳೆ' ನನಗೆ ಗೊತ್ತು. ಆ ಮನೆಯಲ್ಲಿ 'ನಾಳೆ ಓದಿ ಕಳಿಸ್ತೀನಿ' ಅಂದ ಯಾವ ಕಾಗದವೂ ಬಾಗಿಲು ದಾಟಿದ್ದನ್ನು ನಾನು ಕಂಡಿಲ್ಲ. ಊಟದ ಹೊತ್ತಿಗೇ ಅವರು ಹೊಸ ರಾಗ ತೆಗೆದಿದ್ದರು. ಕೋತಿಯ ವಿಷಯ ಬಿಡಬಹುದಲ್ಲ, ಮಳೆಯಿಂದ ಚೀಟಿ ಕಲೆಸಿತು ಎಂದರೆ ಸಾಕಲ್ಲ. ನನ್ನ ಕಡೆ ನೋಡದೆ ರೊಟ್ಟಿ ತಿಂದು ಮಲಗಿದರು.

ಮರುದಿನ ಮುಂಜಾನೆ ನಾನು ಎಂದಿನ ಹಾಗೆ ಎದ್ದೆ, ಸ್ನಾನ ಮಾಡಿದೆ, ಕಸ ಗುಡಿಸಿದೆ. ಕಂಪ್ಯೂಟರ್ ಒರೆಸುವುದೂ ನನ್ನದೇ ಕೆಲಸ, ಅವರು ಅದನ್ನು ಆರಿಸುವವರಲ್ಲ. ಒರೆಸುತ್ತಾ ಇಲಿಯಂಥದ್ದನ್ನು ಅಲುಗಿಸಿದೆ, ಬೆಳಕು ಬಂತು. ಪತ್ರ ಅಲ್ಲೇ ಇತ್ತು. ಬೆರಳಿಟ್ಟು ಸಾಲು ಸಾಲಾಗಿ ಇಳಿದೆ. ಎರಡು ಕಣ್ಣಿನ ನನ್ನ ಹೆಸರು ಸಿಕ್ಕಿತು, ಇನ್ನೂ ಅಳಿಸಿರಲಿಲ್ಲ. ಕೆಳಗೆ ಕಾಗದದ ವಿಮಾನದಂಥ ಸಣ್ಣ ಗುರುತು. ಮಾಸ್ತರರ ಶಿಷ್ಯೆ ಅದನ್ನು ಒತ್ತುವುದನ್ನು ಎಷ್ಟೋ ಸಲ ಕಂಡಿದ್ದೆ. ಒತ್ತಿದೆ. ಸುಂಯ್ ಎಂದು ಶಬ್ದವಾಗಿ ಪತ್ರ ಮಾಯವಾಯಿತು.

ಹೊಸ್ತಿಲ ಆಚೆ ಹಿರಿಯರು ಸ್ನಾನ ಮುಗಿಸಿ ಬಂದು ಗಂಟು ಹಿಡಿದು ಕೂತಿದ್ದರು. ಅವರಿಗೆ ಕೈಸನ್ನೆ ಮಾಡಿ, ಒಳಗೆ ಹೋಗಿ ಮಾಸ್ತರರ ಹೊದಿಕೆ ಎಳೆದೆ.

"ಏಳ್ರಿ ಮಾಸ್ತರ್ರ, ಪತ್ರ ಹೋತು. ಕನ್ನಡಕ ಹುಡುಕ್ರಿ. ರೈಲಿಗೆ ಇನ್ನ ಆರು ತಾಸ ಐತಿ."